ಬೀದಿಯ ತಿರುವಿನವರೆಗೆ

ನಮ್ಮ ಮನೆಯ ಕಸುಬು ರಾಜಕೀಯ ಎಂದು ಊರವರು ಹೇಳುತ್ತಾರೆ. ಶುದ್ಧ ಸುಳ್ಳು. ನಮ್ಮ ಮನೆಯ ಕಸುಬು ಸಾವಿನ ಮನೆಗೆ ಹೋಗುವುದು. ತಾತ ಅದನ್ನು ಶುರುಮಾಡಿದ, ಅಪ್ಪ ಹದಕ್ಕೆ ತಂದ, ನನ್ನ ತಮ್ಮ ಅದರಲ್ಲೇ ಮುಳುಗಿಹೋದ. ನಡುನಡುವೆ ಚುನಾವಣೆ, ಭಾಷಣ, ಸದನ ಅಂತೆಲ್ಲ ಇದ್ದವು. ಅವು ಮೇಲೋಗರ.

ಅಪ್ಪನ ಲೆಕ್ಕ ಸರಳ. ಮದುವೆಗೆ ಹೋಗದಿದ್ದರೆ ಜನ ನಾಲ್ಕು ದಿನ ಮುನಿಸಿಕೊಳ್ಳುತ್ತಾರೆ, ಮಣ್ಣಿಗೆ ಹೋಗದಿದ್ದರೆ ತಾವು ಮಣ್ಣಾಗುವವರೆಗೆ ನೆನಪಿಟ್ಟುಕೊಳ್ಳುತ್ತಾರೆ. ಹಾಗಾಗಿ ಕ್ಷೇತ್ರದಲ್ಲಿ ಯಾರು ಸತ್ತರೂ, ಗಾರೆ ಕೆಲಸದವನಿಂದ ಹಿಡಿದು ಗಿರಣಿ ಯಜಮಾನನವರೆಗೆ, ಹೆಣ ಎತ್ತುವ ಹೊತ್ತಿಗೆ ಅಪ್ಪ ಅಲ್ಲಿರುತ್ತಿದ್ದ. ಅದಕ್ಕೊಂದು ಕ್ರಮವಿತ್ತು. ಚಪ್ಪಲಿ ಗೇಟಿನ ಹೊರಗೇ ಬಿಡಬೇಕು. ಕುರ್ಚಿ ಹಾಕಿದರೂ ನೆಲದ ಮೇಲೆ ಕೂರಬೇಕು. ಏನಾಗಿತ್ತು ಎಂದು ಕೇಳಬಾರದು, ಆ ಮನೆಯವರು ಅದನ್ನು ಬಂದವರಿಗೆಲ್ಲ ಹೇಳಿ ಹೇಳಿ ಸುಸ್ತಾಗಿರುತ್ತಾರೆ. "ಎಷ್ಟು ಹೊತ್ತಿಗೆ ಎತ್ತುತ್ತೀರಿ? ದೂರದಿಂದ ಯಾರಾದ್ರೂ ಬರೋರಿದ್ದಾರಾ?" ಇಷ್ಟು ಕೇಳಿದರೆ ಸಾಕು. ಆಮೇಲೆ ಹೆಗಲು ಕೊಡುವುದು. ಮುಂದಿನ ಎಡ ಮೂಲೆಯೇ ಆಗಬೇಕು, ಅಲ್ಲಿದ್ದರೆ ಮುಖ ಎಲ್ಲರಿಗೂ ಕಾಣುತ್ತದೆ. ಹಾಗೆ ಹೊತ್ತುಕೊಂಡು ಬೀದಿಯ ತಿರುವಿನವರೆಗೆ ನಡೆಯಬೇಕು. ತಿರುವಿನಲ್ಲಿ ಹೇಗೂ ಜನ ಹೆಗಲು ಬದಲಿಸುತ್ತಾರೆ. ಆ ಗಡಿಬಿಡಿಯಲ್ಲಿ ಮೆಲ್ಲಗೆ ಪಕ್ಕಕ್ಕೆ ಸರಿದು, ಮನೆಯವರಲ್ಲಿ ಯಾರಾದರೊಬ್ಬರ ಕೈ ಹಿಡಿದು, "ನಾನಿದ್ದೀನಿ, ಏನೇ ಬೇಕಾದ್ರೂ ಹೇಳಿ" ಎಂದು ಹೊರಟುಬಿಡಬೇಕು. ಕಾರು ತಿರುವಿನ ಆಚೆ, ಸಾವಿನ ಮನೆಯ ಕಡೆಯಿಂದ ಕಾಣದಂತೆ, ಬಾಗಿಲು ತೆರೆದುಕೊಂಡು ನಿಂತಿರುತ್ತದೆ. ಆ ಕಾರು ನಿಲ್ಲಿಸುವ ವಿದ್ಯೆಯನ್ನು ನಮ್ಮ ಮನೆಯ ಡ್ರೈವರ್‌ಗೆ ಅಪ್ಪನೇ ಕಲಿಸಿದ್ದು. ಆತನನ್ನು ನಾನೂ ತಮ್ಮನೂ ಚಿಕ್ಕಂದಿನಿಂದ ಸ್ಟೇರಿಂಗ್ ಮಾಮ ಎಂದೇ ಕರೆಯುತ್ತಿದ್ದೆವು.

ಅಮ್ಮನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. "ಹೆಣದ ಮುಂದೆ ಗಡಿಯಾರ ನೋಡೋ ಜನ ನೀವು" ಎಂದು ಅಪ್ಪನಿಗೆ ಮುಖದ ಮೇಲೆ ಹೊಡೆದಂತೆ ಹೇಳುತ್ತಿದ್ದಳು. ಅಪ್ಪ ನಗುತ್ತಿದ್ದ. ಕೆಟ್ಟವನಲ್ಲ ನಮ್ಮಪ್ಪ. ಆದರೆ ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ಯಾರೋ ನಮ್ಮ ಮನೆಯ ಕಿಟಕಿಯಲ್ಲಿ ಇಣುಕಿ ನೋಡಿಯೇ ಕಟ್ಟಿರಬೇಕು.

ನನ್ನ ತಮ್ಮನನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದೆವು. ಸಣ್ಣ ಮೈ, ಕೊಕ್ಕಿನಲ್ಲಿ ಹೆಕ್ಕಿದಂತೆ ಊಟ, ಜೋರಾಗಿ ಬಾಗಿಲು ಹಾಕಿದರೂ ಬೆಚ್ಚುವ ಸ್ವಭಾವ. ಅಜ್ಜಿ ಸತ್ತ ದಿನ ಅಟ್ಟ ಹತ್ತಿ ಕುಳಿತವನು, ಎಲ್ಲ ಮುಗಿದು ಮನೆ ಗುಡಿಸಿದ ಮೇಲೇ ಕೆಳಗಿಳಿದ. ದೊಡ್ಡವನಾದ ಮೇಲೆ ಬೇರೆ ಊರಿನ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದ. ರಜೆಗೆ ಬಂದಾಗ ಅಂಗಿಯ ತೋಳಿನಲ್ಲಿ ಸೀಮೆಸುಣ್ಣದ ಪುಡಿ ಇರುತ್ತಿತ್ತು. ಅಮ್ಮ ಅದನ್ನು ಕೊಡವುತ್ತಾ, "ಇದೊಂದು ಬಚಾವಾಯ್ತು" ಎನ್ನುತ್ತಿದ್ದಳು. ನಾನು ಊರಲ್ಲೇ ಉಳಿದೆ. ಸರ್ಕಾರಿ ಆಸ್ಪತ್ರೆಯ ಎದುರು ನನ್ನದೊಂದು ಮೆಡಿಕಲ್ ಶಾಪ್ ಇದೆ.

ಅಪ್ಪ ಅಧಿಕಾರದಲ್ಲಿರುವಾಗಲೇ, ಒಂದು ಸಭೆಯ ವೇದಿಕೆಯ ಮೆಟ್ಟಿಲು ಇಳಿಯುತ್ತಾ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಗುಬ್ಬಿ ಓಡಿಬಂದ. ಈ ಸಲ ಅಟ್ಟ ಹತ್ತಲಿಲ್ಲ. ಹೆಗಲು ಕೊಟ್ಟವನು ತಿರುವಿನಲ್ಲೂ ಬಿಡಲಿಲ್ಲ, ಆಮೇಲೂ ಬಿಡಲಿಲ್ಲ. ಯಾರು ಬಂದು "ಸ್ವಲ್ಪ ಬಿಡಪ್ಪಾ, ನಾನು ಹಿಡೀತೀನಿ" ಎಂದರೂ ಬೇಡವೆಂದು ತಲೆಯಾಡಿಸಿಬಿಡುತ್ತಿದ್ದ. ಗುಂಡಿಯ ಹತ್ತಿರ ಮಂಡಿಯೂರಿ ಮಗುವಿನ ಹಾಗೆ ಅತ್ತ. ಜನ ಸಮುದ್ರದಂತೆ ಸೇರಿದ್ದರು, ಅವರೂ ಅತ್ತರು. ಅಪ್ಪನನ್ನು ಪಕ್ಷದ ಕಚೇರಿಯ ಆವರಣದಲ್ಲೇ ಮಣ್ಣು ಮಾಡಿದ್ದರು, ಮೇಲೆ ಚಪ್ಪಡಿ ಹಾಕಿಸುವ ಮಾತು ಆಗಲೇ ನಡೆದಿತ್ತು. ನಮ್ಮ ಚಿಕ್ಕಪ್ಪ, ಅಪ್ಪನ ಚುನಾವಣೆಗಳನ್ನೆಲ್ಲ ತೆರೆಯ ಹಿಂದೆ ನಿಂತು ನಡೆಸಿದವನು, ಗುಬ್ಬಿಯ ಅಳುವನ್ನು ದೂರದಿಂದ ನೋಡುತ್ತಾ ನಿಂತಿದ್ದ. ಅವನ ಕಣ್ಣೂ ಒದ್ದೆಯಾಗಿತ್ತು, ಇಲ್ಲ ಎನ್ನಲಾರೆ. ಆದರೆ ಒದ್ದೆ ಕಣ್ಣಿನಲ್ಲೂ ಅವನು ಅಳತೆ ತೆಗೆಯುತ್ತಿದ್ದ.

ಉಪಚುನಾವಣೆಗೆ ಯಾರು ಎಂಬ ಮಾತು ನಮ್ಮ ಅಡುಗೆಮನೆಯಲ್ಲೇ ಬಂತು. ನಾನು ಗೋಡೆಗೆ ಒರಗಿ ನಿಂತಿದ್ದೆ. ಕ್ಷೇತ್ರದ ಒಂದೊಂದು ಓಣಿಯೂ ನನಗೆ ಗೊತ್ತಿತ್ತು. ಅಪ್ಪನ ಅರ್ಧ ಅರ್ಜಿಗಳನ್ನು ಬರೆದವಳು ನಾನು. ನನಗೆ ಬೇಕಿತ್ತಾ? ಬೇಕಿತ್ತು. ಈಗ ನಾಚಿಕೆ ಯಾಕೆ.

"ಅವಳು ನಿಂತ್ಕೊಳ್ಳಲಿ ಚಿಕ್ಕಪ್ಪ. ಅಕ್ಕನಿಗೆ ಎಲ್ಲಾ ಗೊತ್ತು, ನನಗೇನೂ ಗೊತ್ತಿಲ್ಲ" ಎಂದ ಗುಬ್ಬಿ.

"ಹೆಣ್ಣುಮಗಳು ಹೆಗಲು ಕೊಡೋಕಾಗುತ್ತೇನೋ?" ಎಂದ ಚಿಕ್ಕಪ್ಪ. "ಮೊನ್ನೆ ನೀನು ಅತ್ತಿದ್ದನ್ನ ಇಡೀ ಊರು ನೋಡಿದೆ. ಆ ಅಳುನ ಸುಮ್ನೆ ಹಾಳು ಮಾಡ್ತೀಯಾ?"

ಅಮ್ಮ ಒಲೆಯ ಮುಂದಿನಿಂದ ತಿರುಗಿ, "ಅವನು ಅವನಪ್ಪನಿಗೆ ಅತ್ತಿದ್ದು, ಊರಿಗಲ್ಲ" ಎಂದಳು. ವಾರ ಕಳೆಯುವಷ್ಟರಲ್ಲಿ ಗುಂಡಿಯ ಪಕ್ಕ ಮಂಡಿಯೂರಿದ ಗುಬ್ಬಿಯ ಚಿತ್ರ ಗೋಡೆಗೋಡೆಯ ಮೇಲೆ ಅಂಟಿತ್ತು. ಗೆದ್ದ. ಅಂಥ ಗೆಲುವನ್ನು ಅಪ್ಪನೂ ಕಂಡಿರಲಿಲ್ಲ.

ಮೊದಮೊದಲು ಅವನಿಗೆ ಈ ಕಸುಬು ಒಗ್ಗಲಿಲ್ಲ. ಹೋದ ಮನೆಯಲ್ಲೆಲ್ಲ ನಿಜವಾಗಿ ಅಳುತ್ತಿದ್ದ. ಗುರುತಿಲ್ಲದ ಮುದುಕಿಗೂ ಹೆಗಲು ಕೊಟ್ಟವನು ಸ್ಮಶಾನದವರೆಗೆ ನಡೆದುಹೋಗಿ, ಎಲ್ಲರ ಜೊತೆ ಒಂದು ಹಿಡಿ ಮಣ್ಣು ಹಾಕಿಯೇ ಬರುತ್ತಿದ್ದ. ಮನೆಗೆ ಬಂದರೆ ಅನ್ನ ಸೇರುತ್ತಿರಲಿಲ್ಲ. ಹಿತ್ತಲಲ್ಲಿ ವಾಂತಿ ಮಾಡುವ ಸದ್ದು ಕೇಳಿಸುತ್ತಿತ್ತು. ಚಿಕ್ಕಪ್ಪ ತಲೆ ಚಚ್ಚಿಕೊಂಡ.

"ಒಂದೊಂದು ಮಣ್ಣಿಗೂ ಅರ್ಧರ್ಧ ದಿನ ಕೊಟ್ರೆ ಉಳಿದ ಹೆಣಗಳು ನಿನಗೋಸ್ಕರ ಕಾಯ್ತಾವೇನೋ? ತಿರುವಿನವರೆಗೆ ಸಾಕು. ನಿಮ್ಮಪ್ಪ ಹಂಗೇ ಮಾಡ್ತಿದ್ದಿದ್ದು."

"ಅರ್ಧದಲ್ಲಿ ಬಿಟ್ಟುಬರೋದು ಹೇಗೆ ಚಿಕ್ಕಪ್ಪ?"

"ಹೆಗಲಿಗೆ ಹೇಳು, ತಿರುವು ಬಂದ್ರೆ ಜಾರು ಅಂತ. ನಾಲ್ಕು ಸಲ ಹೇಳಿದ್ರೆ ಐದನೇ ಸಲ ಅದೇ ಜಾರುತ್ತೆ."

ಹೆಗಲು ಕಲಿಯಿತು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಗುಬ್ಬಿ ತಿರುವಿನಲ್ಲಿ ಸರಿಯುವುದು ಯಾರ ಕಣ್ಣಿಗೂ ಬೀಳದಂತಾಯಿತು. ಅನ್ನ ಸೇರತೊಡಗಿತು. ವಾಂತಿ ನಿಂತಿತು. ಅಳು ಯಾವಾಗ ನಿಂತಿತೋ ಅವನಿಗೂ ಗೊತ್ತಿರಲಿಕ್ಕಿಲ್ಲ. ಜನ ಅವನಿಗೆ ಹೆಗಲು ಶಾಸಕರು ಎಂದೇ ಹೆಸರಿಟ್ಟರು. ಪ್ರೀತಿಯಿಂದ ಇಟ್ಟದ್ದೇ. ಆದರೆ ಅವನ ಬಿಳಿ ಕಾರು ಓಣಿಗೆ ತಿರುಗಿದರೆ ಸಾಕು, ಹುಷಾರಿಲ್ಲದ ಹಿರಿಯರಿದ್ದ ಮನೆಗಳಲ್ಲಿ ಕಿಟಕಿ ಹಾಕಿಕೊಳ್ಳುತ್ತಿದ್ದರು.

ಒಂದು ದಿನ ಬೆಳಿಗ್ಗೆ ಅಂಗಡಿಗೆ ಫೋನ್ ಮಾಡಿದ. "ಅಕ್ಕ, ನಿನ್ನೆ ಯಾರಾದ್ರೂ ಆಕ್ಸಿಜನ್ ಸಿಲಿಂಡರ್ ತಗೊಂಡ್ರಾ?"

"ಯಾಕೋ?"

"ಅಲ್ಲ, ಸೀರಿಯಸ್ ಇದ್ದವರು ಯಾರು ಅಂತ ಮೊದಲೇ ಗೊತ್ತಾದ್ರೆ ಹೊತ್ತು ಹೊಂದಿಸ್ಕೊಬಹುದು."

ನಾನು ಬಾಯಿಗೆ ಬಂದಂತೆ ಬೈದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಅವರ ಮುಂದೆಯೇ ಬೈದೆ. ಔಷಧಿ ಮಾರುವುದು ಜನ ಬದುಕಲಿ ಅಂತ, ನಿನಗೆ ಪಟ್ಟಿ ಕೊಡುವುದಕ್ಕಲ್ಲ ಎಂದೆ. ಅವನು ಸಿಟ್ಟಾಗಲಿಲ್ಲ. "ಸರಿ ಬಿಡು" ಎಂದು ಇಟ್ಟ. ಸಿಟ್ಟಾಗಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ನಾನು ಕೊಡದಿದ್ದರೇನು, ಸುದ್ದಿ ಕೊಡುವವರಿಗೆ ಬರವೇ? ಆ ವಾರವೇ ಯಾರೋ ಒಬ್ಬ, ನಿವೃತ್ತ ಬಸ್ ಕಂಡಕ್ಟರ್ ಹೋದರು ಎಂದು ಹೇಳಿಬಿಟ್ಟ. ಗುಬ್ಬಿ ಹೊರಟ. ಆಗೆಲ್ಲ ಹೋಗುವಾಗ ಬಿಳಿ ಹೂವಿನ ಗುಚ್ಛವೊಂದನ್ನು ಒಯ್ಯುತ್ತಿದ್ದ. ಅದಕ್ಕೆ ಸುತ್ತಿದ ರಿಬ್ಬನ್ನಿನ ಮೇಲೆ, 'ನಿಮ್ಮ ಕುಟುಂಬದ ದುಃಖದಲ್ಲಿ ನಾನೂ ಭಾಗಿ' ಎಂದು ಅಚ್ಚು ಹಾಕಿಸಿರುತ್ತಿದ್ದ. ಗೇಟಿನ ಹೊರಗೆ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಒಳಗೆ ಹೋಗಿ ನೋಡಿದರೆ, ಕಂಡಕ್ಟರ್ ಮಂಚದ ಮೇಲೆ ದಿಂಬಿಗೆ ಒರಗಿ ಕಣ್ಣು ಬಿಟ್ಟುಕೊಂಡಿದ್ದಾನೆ. ಹೆಂಡತಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಾಳೆ.

"ಬನ್ನಿ ಬನ್ನಿ" ಎಂದನಂತೆ ಆ ಮುದುಕ. "ಗಾಡಿ ಸ್ವಲ್ಪ ಲೇಟು. ಕೂತ್ಕೊಳ್ಳಿ, ಬರುತ್ತೆ."

ಗುಬ್ಬಿ ರಿಬ್ಬನ್ನನ್ನು ಅಂಗೈಯಲ್ಲಿ ಮುದುರಿ ಕಿತ್ತು ಜೇಬಿಗಿಟ್ಟುಕೊಂಡು, ಗುಚ್ಛವನ್ನು ಮುದುಕನ ಕೈಗೆ ಕೊಟ್ಟು, "ಹಿರಿಯರಿಗೆ ಗೌರವ ಸಲ್ಲಿಸೋಣ ಅಂತ ಬಂದೆ" ಎಂದ. ಜೊತೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಅಮ್ಮ ಅದನ್ನು ನೋಡಿ ನಕ್ಕಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಆಮೇಲೆ ಎದ್ದುಹೋದಳು. ಮುಂದಿನ ವಾರ ಕಂಡಕ್ಟರ್ ನಿಜವಾಗಿಯೂ ಹೋದ. ಗುಬ್ಬಿ ತಿರುವಿನವರೆಗೆ ಹೆಗಲು ಕೊಟ್ಟ.

ಇಷ್ಟೇ ಹೇಳಿದರೆ ಅವನಿಗೆ ಅನ್ಯಾಯವಾಗುತ್ತದೆ. ನಡುವೆ ಅವನಿಗೂ ಇದು ಸಾಕೆನಿಸಿತ್ತು. ಕೆಳಗಿನ ಪೇಟೆಯಲ್ಲಿ ಹೆಂಗಸರು ನೀರಿಗಾಗಿ ಬಿಂದಿಗೆ ಹಿಡಿದು ಜಗಳವಾಡುವುದನ್ನು ನೋಡಿ, ಅಲ್ಲಿಗೆ ಪೈಪ್ ಎಳೆಸಲು ಪಟ್ಟು ಹಿಡಿದ. ಕಚೇರಿಯಿಂದ ಕಚೇರಿಗೆ ಅಲೆದ. ಇಳಿಜಾರನ್ನು ತಾನೇ ಲೆಕ್ಕ ಹಾಕಿ, ಎಂಜಿನಿಯರ್ ಜೊತೆ ಕಿತ್ತಾಡಿ ನಕ್ಷೆ ಬದಲಿಸಿದ. ಆ ದಿನಗಳಲ್ಲಿ ಮತ್ತೆ ಅವನ ತೋಳಿನಲ್ಲಿ ಸುಣ್ಣದ ಪುಡಿ, ಸಿಮೆಂಟಿನ ಪುಡಿ ಕಂಡೆವು. ರಾತ್ರಿ ಊಟಕ್ಕೆ ಕೂತರೆ ವಾಲ್ವು, ಒತ್ತಡ, ಟ್ಯಾಂಕಿನ ಎತ್ತರ ಅಂತ ಒಂದೇ ಸಮನೆ ಮಾತು. ಅಮ್ಮನಿಗೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ, ಆದರೂ ಎರಡನೇ ಸಲ ಅನ್ನ ಹಾಕಿಸಿಕೊಂಡ ಮಗನನ್ನು ನೋಡುತ್ತಾ ಕೂರುತ್ತಿದ್ದಳು. ಆ ವರ್ಷ ಅವನು ಎಷ್ಟೋ ಮಣ್ಣುಗಳನ್ನು ತಪ್ಪಿಸಿದ.

ಚುನಾವಣೆ ಬಂತು. ನೀರು ಇನ್ನೂ ಅರ್ಧ ದಾರಿಯಲ್ಲಿತ್ತು. ಎದುರಾಳಿ ಮನೆಮನೆಗೆ ಹೋಗಿ ಒಂದೇ ಮಾತು ಹೇಳಿದ: "ನಿಮ್ಮಪ್ಪ ಹೋದಾಗ ಬಂದಿದ್ನಾ? ನಿಮ್ಮತ್ತೆ ಹೋದಾಗ ಬಂದಿದ್ನಾ?" ಗುಬ್ಬಿ ಸೋತ. ಕೆಳಗಿನ ಪೇಟೆಯಲ್ಲೇ ಮಕಾಡೆ ಮಲಗಿದ. ಅವನು ಸೋತ ಮೇಲೆ ಉಳಿದ ಪೈಪನ್ನು ಗುತ್ತಿಗೆದಾರ ಮುಗಿಸಿದ, ನಲ್ಲಿ ತಿರುಗಿಸಿ ಫೋಟೋ ತೆಗೆಸಿಕೊಂಡವನು ಎದುರಾಳಿ. ಸೋತ ದಿನದ ಸಂಜೆ ಚಿಕ್ಕಪ್ಪ ನಮ್ಮ ಮನೆಗೆ ಬಂದು ಕುಳಿತ. ಬೈಯಲಿಲ್ಲ. "ಇನ್ನಾದ್ರೂ ಗೊತ್ತಾಯ್ತಲ್ಲ" ಎಂದ, ಅಷ್ಟೇ. ಗುಬ್ಬಿ ಹೌದೆಂದು ತಲೆಯಾಡಿಸಿದ. ಆ ತಲೆಯಾಡಿಸುವಿಕೆಯನ್ನು ನಾನು ಇಂದಿಗೂ ಮರೆತಿಲ್ಲ. ನನ್ನ ತಮ್ಮ ನಿಜವಾಗಿ ಸೋತದ್ದು ಆ ಸಂಜೆ. ನಾನೂ ಅಮ್ಮನೂ ಅಲ್ಲೇ ಇದ್ದೆವು.

ಅಲ್ಲಿಂದಾಚೆ ಅವನು ಯಂತ್ರವಾದ. ಕುರ್ಚಿ ಇರಲಿಲ್ಲ, ಸದನ ಇರಲಿಲ್ಲ, ಇದ್ದದ್ದು ಇದೊಂದೇ ಕೆಲಸ. ಬೆಳಿಗ್ಗೆ ಒಂದು ದಿಕ್ಕು, ಮಧ್ಯಾಹ್ನ ಒಂದು ದಿಕ್ಕು. ಒಂದೇ ಬೀದಿಯಲ್ಲಿ ಎರಡು ಸಾವಾದರೆ ಒಂದಕ್ಕೆ ಆ ತುದಿಯ ತಿರುವು, ಇನ್ನೊಂದಕ್ಕೆ ಈ ತುದಿಯ ತಿರುವು. ಮನೆಗೆ ಊಟಕ್ಕೆ ಬಂದಾಗಲೂ ಅಮ್ಮನ ಹತ್ತಿರ, "ಯಾರಾದ್ರೂ ಬರೋರಿದ್ದಾರಾ?" ಎಂದು ಕೇಳುತ್ತಿದ್ದ. ಅಮ್ಮ ನನ್ನ ಮುಖ ನೋಡುತ್ತಿದ್ದಳು.

ಮುಂದಿನ ಚುನಾವಣೆ ಹತ್ತಿರವಾಗುವ ಹೊತ್ತಿಗೆ ಅಮ್ಮ ಹಾಸಿಗೆ ಹಿಡಿದಳು. ಮೂತ್ರಪಿಂಡ ಕೈಕೊಟ್ಟಿತ್ತು. ಆಸ್ಪತ್ರೆ ಬೇಡವೆಂದು ಹಟ ಹಿಡಿದಳು. ನಡುಕೋಣೆಯ ಕಿಟಕಿಯ ಕೆಳಗೆ ಮಂಚ ಹಾಕಿಸಿಕೊಂಡು, ನಾನು ಅಂಗಡಿಯಿಂದ ತರುವ ಮಾತ್ರೆಗಳನ್ನು ಬೈದುಕೊಂಡು ನುಂಗುತ್ತಿದ್ದಳು. ಒಂದು ಭಾನುವಾರ ಗುಬ್ಬಿಯನ್ನು ಕರೆಸಿದಳು.

"ನಂದೊಂದು ಮಾತು ನಡೆಸಿಕೊಡ್ತೀಯಾ?"

"ಹೇಳಮ್ಮ."

"ನಿಮ್ಮಪ್ಪನ ಪಕ್ಕ ನನ್ನನ್ನ ಇಡಬೇಡಿ. ಅಲ್ಲಿ ಮೈಕಿನ ಕಾಟ. ಎಲ್ಲರನ್ನೂ ಇಡೋ ಕಡೆ ಇಡಿ."

"ಆಯ್ತು."

"ಇನ್ನೊಂದಿದೆ. ಅದೇ ಮುಖ್ಯ." ಉಸಿರು ಎಳೆದುಕೊಂಡಳು. "ಊರಿನವರ ಅಮ್ಮಂದಿರಿಗೆಲ್ಲ ತಿರುವಿನವರೆಗೆ ಹೋಗಿದ್ದೀಯಲ್ಲ ಗುಬ್ಬಿ, ನನಗೆ ಪೂರ್ತಿ ಬಾ. ನಿಮ್ಮಪ್ಪನಿಗೆ ಬಂದ್ಯಲ್ಲ, ಹಂಗೆ. ಒಂದು ಹಿಡಿ ಮಣ್ಣು ನಿನ್ನ ಕೈಯಿಂದ ಬೀಳಲಿ. ಅಳದಿದ್ರೂ ಪರವಾಗಿಲ್ಲ."

ಗುಬ್ಬಿ ಅವಳ ಕೈ ಹಿಡಿದುಕೊಂಡ. ಎರಡೂ ಕೈಗಳ ನಡುವೆ ಹಿಡಿದು, ಸ್ವಲ್ಪ ಒತ್ತಿ, ಕಣ್ಣಲ್ಲಿ ಕಣ್ಣಿಟ್ಟು, "ಪೂರ್ತಿ ಇರ್ತೀನಮ್ಮ" ಎಂದ. ಅವನು ಸಾವಿನ ಮನೆಗಳಲ್ಲಿ ಕೈ ಹಿಡಿಯುವುದೂ ಹೀಗೆಯೇ. ಅಮ್ಮನಿಗೂ ಅದು ತಿಳಿಯಿತು ಎಂದು ನನಗನ್ನಿಸಿತು, ಏಕೆಂದರೆ ಅವಳು ಕೈ ಬಿಡಿಸಿಕೊಂಡು ಅವನ ಕಿವಿ ಹಿಡಿದಳು, ಚಿಕ್ಕಂದಿನಲ್ಲಿ ಹಿಡಿಯುತ್ತಿದ್ದಂತೆ. "ಹಂಗಲ್ಲ. ಸರಿಯಾಗಿ ಹೇಳು." ಅವನು ನಕ್ಕ. ಎಷ್ಟೋ ಕಾಲದ ಮೇಲೆ ಆ ಹಳೆಯ ನಗು ಕಂಡಿತು. "ಬರ್ತೀನಿ ಕಣಮ್ಮ, ಆಣೆ" ಎಂದ. ನನಗೆ ಜೀವ ಬಂದಂತಾಯಿತು. ಇದೊಂದನ್ನು ಅವನು ಮಾಡಿದರೆ ನನ್ನ ತಮ್ಮ ಇನ್ನೂ ಪೂರ್ತಿ ಕಳೆದುಹೋಗಿಲ್ಲ ಎಂದುಕೊಂಡೆ.

ಪ್ರಚಾರ ಜೋರಾಗಿದ್ದ ದಿನಗಳಲ್ಲೇ, ಒಂದು ಬೆಳಿಗ್ಗೆ, ನಾನು ಅಮ್ಮನ ತಲೆ ಬಾಚುತ್ತಿದ್ದಾಗ ಅವಳು ಹೋದಳು. ಅರ್ಧ ಬಾಚಿದ್ದೆ. ಉಳಿದ ಅರ್ಧವನ್ನೂ ಬಾಚಿ ಮುಗಿಸಿ, ಆಮೇಲೆ ಗುಬ್ಬಿಗೆ ಫೋನ್ ಮಾಡಿದೆ. ಅವನು ಇನ್ನೊಂದು ಸಾವಿನ ಮನೆಯಲ್ಲಿದ್ದ.

ಬಂದ. ಕಾರು ಮನೆಯ ಮುಂದೆ ನಿಲ್ಲಲಿಲ್ಲ. ಅವನು ನಡೆದುಬಂದ, ನಮ್ಮದೇ ಮನೆಯ ಗೇಟಿನ ಹೊರಗೆ ಚಪ್ಪಲಿ ಬಿಟ್ಟ. ಯಾರೋ ಕುರ್ಚಿ ತಂದರು, ಬೇಡವೆಂದು ಕೈಯಾಡಿಸಿ ಅಮ್ಮನ ತಲೆಯ ಹತ್ತಿರ ನೆಲದ ಮೇಲೆ ಕುಳಿತ. ಮುಖ ಬಿಳಿಚಿಕೊಂಡಿತ್ತು. ದುಃಖವಿರಲಿಲ್ಲ ಎಂದು ನಾನು ಹೇಳಲಾರೆ. ಇತ್ತು. ಆದರೆ ಆ ದುಃಖಕ್ಕೆ ಹೊರಬರುವ ದಾರಿ ಗೊತ್ತಿರಲಿಲ್ಲ, ಗೊತ್ತಿದ್ದ ದಾರಿಯೆಲ್ಲ ಕಸುಬಿನದು. ಆಮೇಲೆ ನನ್ನ ಕಡೆ ತಿರುಗಿದ.

"ಎಷ್ಟು ಹೊತ್ತಿಗೆ ಎತ್ತುತ್ತೀರಿ?" ಎಂದ. "ದೂರದಿಂದ ಯಾರಾದ್ರೂ ಬರೋರಿದ್ದಾರಾ?"

"ಗುಬ್ಬಿ, ನಾನು ಕಣೋ" ಎಂದೆ. "ಹ್ಞೂಂ ಅಕ್ಕ" ಎಂದ. ಸದ್ಯ, ಗುರುತು ಸಿಕ್ಕಿತಲ್ಲ ಎಂದುಕೊಂಡೆ.

ಹೊರಗೆ ಜನ ಕಿಕ್ಕಿರಿದಿದ್ದರು. ಚಿಕ್ಕಪ್ಪ ಎಲ್ಲರನ್ನೂ ಅಲ್ಲಲ್ಲಿ ನಿಲ್ಲಿಸುತ್ತಿದ್ದ. ಅಮ್ಮನನ್ನು ಎತ್ತಿದರು. ಮುಂದಿನ ಎಡ ಮೂಲೆ ಗುಬ್ಬಿಯದು, ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ನಾನು ಅವನ ಹಿಂದೆಯೇ ನಡೆದೆ. ಹೆಜ್ಜೆ ಸರಿಯಾಗಿ ಹಾಕುತ್ತಿದ್ದ, ತುಟಿ ಕಚ್ಚಿಕೊಂಡಿದ್ದ. ಕುತ್ತಿಗೆಯಲ್ಲಿ ನರ ಉಬ್ಬಿತ್ತು. ಹಾಲಿನಂಗಡಿ ದಾಟಿದೆವು, ಬೀಗ ಹಾಕಿದ ದರ್ಜಿ ಅಂಗಡಿ ದಾಟಿದೆವು. ತಿರುವು ಬಂತು. ನಾನು ಮನಸ್ಸಿನಲ್ಲೇ, ಬೇಡ ಗುಬ್ಬಿ, ಬೇಡ, ಬೇಡ ಎನ್ನುತ್ತಿದ್ದೆ.

ಹೆಗಲು ಜಾರಿತು.

ಬೇಕೆಂದು ಮಾಡಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ನಾನು ಹಿಂದೆಯೇ ಇದ್ದೆ. ಅವನ ಮುಖ ಮುಂದಕ್ಕೇ ಇತ್ತು, ಹೆಗಲೊಂದೇ ಕೆಳಗಿಳಿದು ಪಕ್ಕಕ್ಕೆ ಸರಿಯಿತು, ಅದರ ಹಿಂದೆ ಅವನು ಹೋದ. ಅವನ ಜಾಗ ಹಿಡಿಯಲು ಯಾರೂ ಬರಲಿಲ್ಲ. ಹೆತ್ತ ಮಗ ಬಿಡುತ್ತಾನೆಂದು ಯಾರು ಎಣಿಸಿದ್ದರು? ಚಟ್ಟ ಎಡಕ್ಕೆ ವಾಲಿತು. ಅಮ್ಮ ಬೀಳುತ್ತಾಳೆ ಎಂದುಕೊಂಡು ನಾನು ನುಗ್ಗಿ ಹೆಗಲು ಕೊಟ್ಟೆ. ಅಷ್ಟರಲ್ಲಿ ಅವನು ನನ್ನ ಕೈ ಹಿಡಿದುಕೊಂಡಿದ್ದ. ಎರಡೂ ಕೈಗಳಲ್ಲಿ ಹಿಡಿದು, ಸ್ವಲ್ಪ ಒತ್ತಿ, "ನಾನಿದ್ದೀನಿ, ಏನೇ ಬೇಕಾದ್ರೂ ಹೇಳಿ" ಎಂದ.

ತಿರುವಿನ ಆಚೆ ಬಿಳಿ ಕಾರು ನಿಂತಿತ್ತು, ಬಾಗಿಲು ತೆರೆದಿತ್ತು. ಸ್ಟೇರಿಂಗ್ ಮಾಮನೂ ತನ್ನ ಅಭ್ಯಾಸದಂತೆ ಅಲ್ಲೇ ತಂದು ನಿಲ್ಲಿಸಿದ್ದ. ಗುಬ್ಬಿ ಹತ್ತಿದ. ಕಾರು ಹೋಯಿತು.

ಆಮೇಲೆ ನಡೆದದ್ದನ್ನು ಮಾಮನೇ ನನಗೆ ಹೇಳಿದ. ಸ್ವಲ್ಪ ದೂರ ಹೋದ ಮೇಲೆ ಗುಬ್ಬಿ, "ಮುಂದಿಂದು ಯಾರ ಮನೆ?" ಎಂದು ಕೇಳಿದನಂತೆ. ಮಾಮ ಕಾರು ನಿಲ್ಲಿಸಿ ಹಿಂದೆ ತಿರುಗಿ ನೋಡಿದನಂತೆ. ಗುಬ್ಬಿ ತನ್ನ ಹೆಗಲನ್ನು ಮುಟ್ಟಿ ನೋಡಿಕೊಂಡನಂತೆ. ಇಳಿಯಲು ಬಾಗಿಲಿಗೆ ಕೈ ಹಾಕಿದಾಗ ಚಿಕ್ಕಪ್ಪನ ಫೋನ್ ಬಂತು.

"ವಾಪಸ್ ಬರಬೇಡ. ಈಗ ಬಂದ್ರೆ ಜನ ನಗ್ತಾರೆ. ದುಃಖ ತಡೀಲಾರದೆ ಎಚ್ಚರ ತಪ್ಪಿತು ಅಂತ ನಾನು ಹೇಳಿದ್ದೀನಿ. ಸೀದಾ ಆಸ್ಪತ್ರೆಗೆ ಹೋಗಿ ಮಲಕ್ಕೋ."

ಹೋಗಿ ಮಲಗಿದ. ನನ್ನ ಅಂಗಡಿಯ ಎದುರಿನ ಆಸ್ಪತ್ರೆಯಲ್ಲೇ.

ಇತ್ತ ನಾನು ಅಮ್ಮನನ್ನು ಹೊತ್ತು ನಡೆಯುತ್ತಿದ್ದೆ. ನಾನು ಕುಳ್ಳಿ, ಉಳಿದ ಮೂವರು ಎತ್ತರ, ಅಮ್ಮ ದಾರಿಯುದ್ದಕ್ಕೂ ನನ್ನ ಕಡೆಗೇ ವಾಲಿಕೊಂಡು ಬಂದಳು. ಯಾರೋ ಬಂದು "ಬಿಡಮ್ಮ, ನಾನು ಹಿಡೀತೀನಿ" ಎಂದರು. ನಾನು ಬೇಡವೆಂದು ತಲೆಯಾಡಿಸಿಬಿಟ್ಟೆ. ಚಿಕ್ಕಪ್ಪ ನನ್ನನ್ನು ನೋಡಿದ. ನಾನೂ ಅವನನ್ನು ನೋಡಿದೆ. ಹೆಣ್ಣುಮಗಳು ಹೆಗಲು ಕೊಡೋಕಾಗುತ್ತೇನೋ ಎಂದಿದ್ದನಲ್ಲ, ನೋಡಿಕೊಳ್ಳಲಿ ಎಂದು ನೋಡಿದೆ. ಸ್ಮಶಾನದಲ್ಲಿ ಒಂದು ಹಿಡಿ ಮಣ್ಣು ನನ್ನದೆಂದು ಹಾಕಿದೆ. ಇನ್ನೊಂದು ಹಿಡಿ ಎತ್ತಿಕೊಂಡೆ, ಅವನ ಹೆಸರಿನಲ್ಲಿ ಹಾಕೋಣವೆಂದು. ಕೈ ಬರಲಿಲ್ಲ. ಅಮ್ಮ ಕೇಳಿದ್ದು ಅವನ ಕೈಯಿಂದ. ಆ ಮಣ್ಣನ್ನು ಎಲ್ಲಿಂದ ಎತ್ತಿದ್ದೆನೋ ಅಲ್ಲೇ ಬಿಟ್ಟೆ.

ತಾಯಿಯ ಅಗಲಿಕೆ ತಾಳದೆ ನಡುದಾರಿಯಲ್ಲಿ ಕುಸಿದ ಮಗ ಎಂದು ಪತ್ರಿಕೆಗಳು ಬರೆದವು. ಆಸ್ಪತ್ರೆಯ ಮಂಚದ ಮೇಲೆ ಮುಖ ಮುಚ್ಚಿಕೊಂಡ ಅವನ ಚಿತ್ರ ಗೋಡೆಗೋಡೆಗೂ ಅಂಟಿತು. ಮುಖ ಮುಚ್ಚಿಕೊಂಡದ್ದೊಂದು ಸುಳ್ಳಾಗಿರಲಿಲ್ಲ. ಗೆದ್ದ. ಕೆಳಗಿನ ಪೇಟೆಯವರೂ ಓಟು ಹಾಕಿದರು. ಮುಂದೆ ಮಂತ್ರಿಯಾಗುತ್ತಾನೆ ಎನ್ನುತ್ತಿದ್ದಾರೆ. ಆಗಬಹುದು.

ಗೆದ್ದ ಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಬಂದ. ಒಬ್ಬನೇ ಬಂದು, ಮಾತ್ರೆ ಕೊಳ್ಳುವವರ ಹಿಂದೆ ಸುಮ್ಮನೆ ನಿಂತ. ಅವನಿಗೆಂದು ನಾನು ಬೈಗುಳಗಳನ್ನು ಜೋಡಿಸಿಟ್ಟುಕೊಂಡಿದ್ದೆ, ಒಂದಕ್ಕಿಂತ ಒಂದು ಹರಿತವಾದವು. ಅವನ ಸರದಿ ಬಂತು.

"ನನಗೆ ಗೊತ್ತಾಗ್ಲಿಲ್ಲ ಅಕ್ಕ" ಎಂದ. "ತಿರುವು ಬಂತು. ಅಷ್ಟೇ ನೆನಪು."

"ಗೊತ್ತು ಬಿಡೋ."

ಸ್ವಲ್ಪ ಹೊತ್ತು ಗಾಜಿನ ಮೇಲೆ ಬೆರಳಾಡಿಸಿದ. "ಅಮ್ಮನ್ನ ಎಲ್ಲಿಟ್ಟಿದ್ದೀರಿ?"

ಊರಲ್ಲಿ ಯಾರು ಯಾವಾಗ ಸತ್ತರು ಎಂದು ಬಾಯಿಪಾಠ ಹೇಳುವವನು ಕೇಳಿದ ಪ್ರಶ್ನೆ ಇದು. ಜೋಡಿಸಿಟ್ಟ ಬೈಗುಳವೆಲ್ಲ ಗಂಟಲಲ್ಲೇ ಇಂಗಿತು. "ನೀನು ಎಳೆಸಿದ ನೀರಿನ ಪೈಪು ಇದೆಯಲ್ಲ, ಅದರ ಕೊನೇ ನಲ್ಲಿ ಸ್ಮಶಾನದ ಒಳಗಿದೆ. ಆ ನಲ್ಲಿ ಪಕ್ಕ" ಎಂದೆ. "ಅದನ್ನ ನಾನು ನೋಡೇ ಇಲ್ಲ" ಎಂದ. "ಹೋಗಿ ನೋಡು, ನೀರು ಚೆನ್ನಾಗಿ ಬರುತ್ತೆ" ಎಂದೆ. ತಲೆಯಾಡಿಸಿ ಹೋದ.

ಸಂಜೆ ಅಂಗಡಿ ಬೇಗ ಮುಚ್ಚಿ ನಾನೂ ಹೋದೆ. ಗೇಟಿನ ಹತ್ತಿರ ಸ್ಟೇರಿಂಗ್ ಮಾಮ ಒಬ್ಬನೇ ಹೊರಗೆ ಬರುತ್ತಿದ್ದ. ಕಾರು ಆಚೆ ತಿರುವಿನಲ್ಲಿತ್ತು, ಗಾಜು ಏರಿಸಿತ್ತು.

"ಎರಡು ಸಲ ಇಳಿಯೋಕೆ ನೋಡಿದ್ರು ತಾಯಿ" ಎಂದ ಮಾಮ. "ಕಾಲು ಬರ್ತಿಲ್ಲ ಮಾಮ, ನೀನೇ ಇಟ್ಟು ಬಾ ಅಂದ್ರು."

ಒಳಗೆ ಹೋದೆ. ನಲ್ಲಿಯ ಪಕ್ಕ, ಅಮ್ಮನ ಮಣ್ಣಿನ ಮೇಲೆ ಬಿಳಿ ಹೂವಿನ ಗುಚ್ಛ ಇತ್ತು. ಅದಕ್ಕೆ ರಿಬ್ಬನ್ ಸುತ್ತಿತ್ತು. 'ನಿಮ್ಮ ಕುಟುಂಬದ ದುಃಖದಲ್ಲಿ ನಾನೂ ಭಾಗಿ.'

ಅಲ್ಲೇ ಕುಳಿತು ಅತ್ತೆ. ಅಮ್ಮನಿಗೆ ಅಷ್ಟು ಅತ್ತಿರಲಿಲ್ಲ. ಆಮೇಲೆ ರಿಬ್ಬನ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ, ನಲ್ಲಿ ತಿರುಗಿಸಿ ಹೂವಿಗೆ ಸ್ವಲ್ಪ ನೀರು ಹಾಕಿದೆ. ಹೂವಿನದೇನು ತಪ್ಪು.